ಮಾಳಿಗೆಗೆ ಏಳು ಮೆಟ್ಟಿಲು ಕಡಿಮೆ

ಸೆರಗು ಮುಟ್ಟಿಯೇ ಸೀರೆಯ ಬೆಲೆ ಹೇಳುವ ಬನಹಟ್ಟಿಯ ವ್ಯಾಪಾರಿ ಶಿದ್ರಾಮಪ್ಪ, ಮನೆಯ ನಕ್ಷೆ ಬರೆಯುವ ಭಾಗ್ಯಾಳನ್ನು ಮೊದಲ ದಿನ ಅಗ್ಗದ ಮಾಲೆಂದೇ ಎಣಿಸಿದ್ದ: ಸಣಕಲು ಮೈ, ಹಳೆಯ ಲ್ಯಾಪ್‌ಟಾಪು, ಸೊಂಟದಲ್ಲಿ ಅಳತೆಯ ಟೇಪು. ಯಾರ ಮನೆಗೆ ಹೋದರೂ ಆಕೆ ಚಹಾಕ್ಕಿಂತ ಮೊದಲು ಮೆಟ್ಟಿಲು ಎಣಿಸುತ್ತಾಳೆ, ಬೀಗರು "ಆರಾಮದೀಯೇನವಾ?" ಎಂದು ಕೇಳಿದರೆ "ಹದಿನೆಂಟು" ಎಂದಿದ್ದಳಂತೆ. ಶಿದ್ರಾಮಪ್ಪನ ಹೊಸ ಮನೆಯ ನಕ್ಷೆಯಲ್ಲಿ ಕೆಳ ಅಂತಸ್ತಿನ ಹಾಳೆಯಲ್ಲಿ ಕಾಣುತ್ತಿದ್ದ ಮೆಟ್ಟಿಲು ಮಾಳಿಗೆಯ ಹಾಳೆಯಲ್ಲಿ ಕಾಣಲೇ ಇಲ್ಲ. "ನಾಕ ಗೆರಿ ಕೈಲೇ ಎಳದಬಿಡವಾ, ಯಾರ ನೋಡ್ತಾರ?" ಎಂದ. "ಗೆರಿ ಮ್ಯಾಲ ನಿಮ್ಮವ್ವಾರು ಹತ್ತತಾರೇನ್ರಿ?" ಎಂದವಳೇ ಮೂರು ದಿನ ಸಾಫ್ಟ್‌ವೇರಿನ ಒಂದೊಂದೇ ಸೆಟಿಂಗು ತೆರೆದು ತಡಕಿದಳು. ಕಡೆಗೆ ತಪ್ಪು ಸಿಕ್ಕಿದ್ದು ಶಿದ್ರಾಮಪ್ಪನ ಹತ್ತಿರವೇ. ಮಗ್ಗದ ಮೇಲೆ ಸೀರೆಗೆ ಚಿತ್ತಾರ ಮೂಡಿಸುವ ಎತ್ತರದ ಜಕಾರ್ಡ್ ಯಂತ್ರ ಕೂರಿಸಲೆಂದು ಆತ ಕೆಳಗಿನ ಕೋಣೆಯನ್ನು ಹದಿನಾಲ್ಕು ಅಡಿಗೆ ಏರಿಸಲು ಹೇಳಿದ್ದ. ಮೆಟ್ಟಿಲು ಹಳೆಯ ಹತ್ತು ಅಡಿಗೇ ನಿಂತಿತ್ತು. ಮೇಲೆ ಮುಟ್ಟದ ಮೆಟ್ಟಿಲನ್ನು ಮೇಲಿನ ಹಾಳೆ ಹೇಗೆ ತೋರಿಸೀತು? ಭಾಗ್ಯಾ ಏಳು ಮೆಟ್ಟಿಲು ಕೂಡಿಸಿದಳು. ಯಾರೂ ಕೇಳದಿದ್ದರೂ ನಡುವೆ ಕೂರಲು ಒಂದು ಕಟ್ಟೆಯನ್ನೂ ಇಟ್ಟಳು. ಶಿದ್ರಾಮಪ್ಪನ ತಾಯಿ, ಮೊಣಕಾಲು ನೋವಿನ ಕಸ್ತೂರೆವ್ವ ಈಗ ಅಲ್ಲಿ ದಮ್ಮು ತೆಗೆದುಕೊಂಡು, ಮಗನ ಕೈ ಹಿಡಿಯದೆ ಮಾಳಿಗೆ ಹತ್ತುತ್ತಾಳೆ. "ನಮ್ಮವ್ವ ಮ್ಯಾಲ ಹತ್ತಿದ್ದು ನಮ್ಮ ಬನಹಟ್ಟಿ ಹುಡುಗಿ ಋಣ" ಎಂದು ಶಿದ್ರಾಮಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾನೆ.