ಕಾಕುವಿನ ನೀರಿನ ಬಾಟಲಿ

ಮಗಳ ಬಾಣಂತನಕ್ಕೆ ದುಬೈಗೆ ಹೊರಟ ನಮ್ಮ ಔರಾದಿನ ಶಾಂತಾಬಾಯಿ ಕಾಕು ಬೆಳಗಿನಿಂದ ಹನಿ ನೀರು ಕುಡಿದಿಲ್ಲ. ತುಟಿ ಒಣಗಿದೆ. ಬೀದರ ಬಸ್‌ಸ್ಟ್ಯಾಂಡಿನಲ್ಲಿ ನಾನು ಗಗನಸಖಿಯ ದನಿ ತೆಗೆದೆ: “ಹೈದರಾಬಾದಿನಿಂದ ದುಬೈಗೆ ನಾಲ್ಕು ತಾಸು. ದಯವಿಟ್ಟು ನೀರು ಕುಡಿಯಿರಿ.”

“ಮಂಗ್ಯಾ, ಬಸ್ಸೇ ನಡುವ ನಿಲ್ಲಂಗಿಲ್ಲ, ವಿಮಾನ ನಿಲ್ತದೇನು? ಕುಡದು ಎಲ್ಲಿ ಹೋಗ್ಲಿ?”

“ವಿಮಾನದಾಗೇ ಸಂಡಾಸ ಇರ್ತದ್ರಿ, ಕಾಕು.”

“ನೀ ಹತ್ತೀಯೇನು?”

“ಮೊಬೈಲ್‌ನಾಗ ನೋಡೀನ್ರಿ.” ನಾನು ಹತ್ತಿದ ಅತಿ ಎತ್ತರದ ವಾಹನವೆಂದರೆ ಕಬ್ಬಿನ ಟ್ರಾಕ್ಟರ್.

ಕಾಕು ನಂಬಿದರು, ಬಾಟಲಿ ತೆರೆದರು. ಬಾಯಿಗೆ ಎತ್ತುವಾಗ ಹೈದರಾಬಾದ್ ಬಸ್ಸು ಬಂದು ನಿಂತಿತು.

“ಇದರಾಗ ಸಂಡಾಸ ಅದ ಏನು?”

“ಇಲ್ರಿ.”

ಮುಚ್ಚಳ ಬಿಗಿದರು. “ಹಂಗಾರ ದುಬೈಗಿಂತ ಹೈದರಾಬಾದೇ ದೂರ ಆತು. ನೀರು ವಿಮಾನದಾಗೇ ಕುಡಿತೇನಿ. ಚೀಲ ಎತ್ತು.”