ಹುಳದ ಮನೆಯಲ್ಲಿ ತರ್ಕ

ಪಿಯುಸಿಯಲ್ಲಿ ನಾನು ತರ್ಕಶಾಸ್ತ್ರ ತೆಗೆದುಕೊಂಡಿದ್ದು ಅದರ ಮೇಲಿನ ಪ್ರೀತಿಯಿಂದಲ್ಲ. ಚಿಂತಾಮಣಿಯ ಆ ಕಾಲೇಜಿನಲ್ಲಿ ಬೇರೆ ಸೀಟುಗಳು ತುಂಬಿದ್ದವು. ತರಗತಿಯಲ್ಲಿ ಒಂಬತ್ತು ಜನ ಇದ್ದೆವು. ಬಸ್ಸು ತಪ್ಪಿದರೆ ತಡವಾಗುತ್ತೆ ನಿಜ, ಆದರೆ ತಡವಾಗಿ ಬಂದವರೆಲ್ಲ ಬಸ್ಸು ತಪ್ಪಿಸಿಕೊಂಡವರಲ್ಲ ಎಂದು ಮೇಡಂ ಮೊದಲ ವಾರವೇ ಹೇಳಿಬಿಟ್ಟರು. ಅಲ್ಲಿಗೆ ನಮ್ಮ ಬಳಿ ಇದ್ದ ಒಂದೇ ನೆಪವೂ ಹೋಯಿತು.

ನಮ್ಮೂರು ಶಿಡ್ಲಘಟ್ಟದ ರಸ್ತೆಯಲ್ಲಿದೆ, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ನಾನು ಕಾಲೇಜು ಸೇರಿದ ಮೇಲೆ ಎರಡು ಬೆಳೆ ಹಾಲು ರೋಗ ಬಂದು ಹಾಳಾದವು. ಅಪ್ಪ ಲೆಕ್ಕ ಹಾಕಿದರು: ಬಸ್ಸಿನಲ್ಲಿ ಹತ್ತೂರಿನ ಹುಳದ ಮನೆಯವರು ಇರುತ್ತಾರೆ, ಅವರ ಜೊತೆ ಮೈಗೆ ಮೈ ತಾಗಿಸಿಕೊಂಡು ಇವಳು ಬರುತ್ತಾಳೆ, ರೋಗ ಇವಳ ಜೊತೆಯೇ ಬರುತ್ತದೆ. ಒಂದಾದ ಮೇಲೆ ಇನ್ನೊಂದು ಆದ ಮಾತ್ರಕ್ಕೆ ಮೊದಲನೆಯದೇ ಕಾರಣ ಅಲ್ಲ ಎಂದು ನಾನು ಅರ್ಧ ಗಂಟೆ ವಿವರಿಸಿದೆ. ಕೋಪ ಬಂದರೆ ತೆಲುಗಿಗೆ ತಿರುಗುವ ಅಪ್ಪ ಅವತ್ತು ಕನ್ನಡದಲ್ಲೇ ಉಳಿದರು.

"ಸರಿ ಕಣಮ್ಮ. ಹಂಗಾದ್ರೆ ಒಂದು ಬೆಳೆ ಮನೇಲಿರು, ನೋಡಣ," ಅಂದರು. ಬೆಳೆ ಚೆನ್ನಾಗಿ ಬಂದರೆ ಕಾಲೇಜು ಬಿಡಬೇಕು, ಕೆಟ್ಟರೆ ಹೋಗಬಹುದು.

ಪ್ರಯೋಗ ಮಾಡುವುದು ಹೇಗೆ ಎಂಬ ಪಾಠ ನಮ್ಮ ತರಗತಿಯಲ್ಲಿ ಇನ್ನೂ ಶುರುವಾಗಿರಲಿಲ್ಲ. ಅಪ್ಪ ಅದನ್ನು ಆಗಲೇ ಮುಗಿಸಿದ್ದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ಬೆಳೆ ಕೆಡಲಿ ಎಂದು ದಿನಾ ಬೇಡಿಕೊಂಡೆ. ಅತ್ತ ಹಾಜರಿ ಕಡಿಮೆಯಾಗುತ್ತಿದೆ ಎಂದು ಮೇಡಂ ವಾಟ್ಸಾಪಿನಲ್ಲಿ ಕಳಿಸುತ್ತಲೇ ಇದ್ದರು. ಇತ್ತ ಹುಳುಗಳು ಸೊಪ್ಪು ತಿನ್ನುತ್ತಲೇ ಇದ್ದವು.

ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಒಂದು ತಟ್ಟೆಯಲ್ಲಿ ಮೈ ಹೊಳೆಯುವ, ಊದಿಕೊಂಡ ಹುಳುಗಳು ಕಂಡವು. ಹಾಲು ರೋಗವೇ. ನಾನು ತಿಂಗಳಿಂದ ಬಸ್ಸು ಹತ್ತಿಲ್ಲ, ಆದರೂ ಬಂದಿದೆ. ಬಾಯಿ ಮುಚ್ಚಿಕೊಂಡು ಎರಡು ದಿನ ಇದ್ದರೆ ವಾದ ಗೆದ್ದ ಹಾಗೆ. ಆದರೆ ಹುಳುಗಳಿಗೆ ನನ್ನ ಹಾಜರಿಯ ವಿಷಯ ಗೊತ್ತಿರಲಿಲ್ಲ. ಬೆಳಗ್ಗೆ ನಾನೇ ಹಾಕಿದ್ದ ಸೊಪ್ಪನ್ನು ತಿನ್ನುತ್ತಿದ್ದವು. ರೋಗದವನ್ನು ಒಂದೊಂದಾಗಿ ಆರಿಸಿ ಸುಣ್ಣದ ನೀರಿಗೆ ಹಾಕಿದೆ. ಐದು ದಿನ ಅದೇ ಕೆಲಸ.

ಆಗಲೇ ಇನ್ನೊಂದು ಕಂಡಿತು. ಅಪ್ಪ ನನ್ನ ಪಕ್ಕದಲ್ಲೇ ನಿಂತು, ಆ ಊದಿದ ಹುಳುಗಳ ಮೇಲೇ ಸೊಪ್ಪು ಹರಡಿ ಮುಂದಿನ ತಟ್ಟೆಗೆ ಹೋಗುತ್ತಿದ್ದರು.

ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ, ಊಟಕ್ಕೆ ಕೂತಾಗ ಅಪ್ಪ ತೀರ್ಪು ಕೊಟ್ಟರು. ನಾನು ಮನೆಯಲ್ಲಿದ್ದೆ, ಆದ್ದರಿಂದ ಬೆಳೆ ಬಂತು. ಅದು ಅಕ್ಷರಶಃ ನಿಜವಾಗಿತ್ತು. ಅದಕ್ಕೇ ನನಗೆ ಅಳು ಬಂತು.

ರೋಗ ಬಂದಿತ್ತು, ಆರಿಸಿದ್ದು ನಾನು ಎಂದೆ. ಬಂದಿದ್ದರೆ ತನಗೆ ಕಾಣದೆ ಇರುತ್ತಿತ್ತಾ, ಮೂವತ್ತು ವರ್ಷದಿಂದ ಸಾಕುತ್ತಿದ್ದೇನೆ ಎಂದರು ಅಪ್ಪ. ನಾನು ಎದ್ದು ಹೋಗಿ, ಉಳಿದಿದ್ದ ಒಂದು ರೋಗದ ಹುಳವನ್ನು ಅಂಗೈಯಲ್ಲಿಟ್ಟುಕೊಂಡು ತಂದೆ. ಅಪ್ಪ ಬಗ್ಗಿ ನೋಡಿದರು.

"ಹಣ್ಣಾಗೈತಲ್ಲ. ಚಂದ್ರಿಕೆಗೆ ಬಿಡು."

ಚಂದ್ರಿಕೆ ಅಂದರೆ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಅಪ್ಪ ಹುಳುವನ್ನು ಎರಡು ಬೆರಳಲ್ಲಿ ಹಿಡಿದರು. ಅದು ಒಡೆದು ಹಾಲಿನಂಥ ರಸ ಬೆರಳಿಗೆ ಹತ್ತಿತು. ಎದ್ದು ಹೋಗಿ ತುಂಬಾ ಹೊತ್ತು ಕೈ ತೊಳೆದರು.

"ಎಷ್ಟು ದಿವ್ಸದಿಂದ ಗೊತ್ತು ನಿಂಗೆ?"

"ಐದು ದಿವ್ಸ."

"ಹೇಳ್ಬೋದಿತ್ತಲ್ಲಮ್ಮ."

ಹೇಳಲು ಆಗಿರಲಿಲ್ಲ. ಹೋದ ಎರಡು ಬೆಳೆಗಳಿಗೂ ರೋಗದ ಹುಳು ಅಪ್ಪನ ಕಣ್ಣಿಗೆ ಕಾಣದ್ದೇ ಕಾರಣ ಎಂದು ಈಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ವಾದದಲ್ಲಿ ಗೆದ್ದು ಇಷ್ಟು ದುಃಖಪಟ್ಟಿದ್ದು ಅದೇ ಮೊದಲು.

ಸೋಮವಾರ ಅಪ್ಪ ಶರ್ಟು ಹಾಕಿಕೊಂಡು ನನ್ನ ಜೊತೆ ರಸ್ತೆಗೆ ಬಂದರು. ಬಸ್ಸು ಬಂತು. ಬೋರ್ಡಿನ ಕಡೆ ಮುಖ ಮಾಡಿ, "ಯಾವೂರದಮ್ಮ ಇದು?" ಎಂದು ಕೇಳಿದರು. ಚಿಂತಾಮಣಿ ಎಂದೆ, ಕೈ ಹಿಡಿದು ಹತ್ತಿಸಿದೆ. ಕಣ್ಣಾಸ್ಪತ್ರೆಯಲ್ಲಿ ಸಂಜೆಯವರೆಗೂ ಕೂತೆವು. ಆ ದಿನವೂ ನನಗೆ ಹಾಜರಿ ಸಿಗಲಿಲ್ಲ.