ಅಕ್ಕೋರ ಕಡಲಿಗೆ ನಮ್ಮ ಮನೆಯ ಉಪ್ಪು

ಹೋದ ವಾರ ಕೌದಿಗಳನ್ನು ಬಿಸಿಲಿಗೆ ಹಾಕಲೆಂದು ಟ್ರಂಕು ಬರಿದು ಮಾಡುತ್ತಿದ್ದಾಗ ತಳದಿಂದ ಒಂದು ಬಿಳಿ ಕಲ್ಲು ಉರುಳಿ ಬಂತು. ಕಲ್ಲೆಂದರೆ ಕಲ್ಲಲ್ಲ. ಅಂಗೈಯಷ್ಟಗಲ, ಹಗುರ, ಮೈತುಂಬ ಸೂಜಿ ಚುಚ್ಚಿದಂಥ ತೂತು, ಬೆರಳುಗಳಂತೆ ಕವಲೊಡೆದ ಮೂರು ಕೊಂಬೆ. ಮೂಸಿ ನೋಡಿದೆ. ನುಸಿಗುಳಿಗೆಯ ವಾಸನೆ ಬಿಟ್ಟರೆ ಬೇರೇನಿಲ್ಲ. ಆದರೂ ಮೂಗು ಎಲ್ಲಿಂದಲೋ ಆ ಹಳೆಯ ವಾಸನೆಯನ್ನು ಹುಡುಕಿ ತಂದಿತು… ಹಸಿ ಉಪ್ಪಿನದು, ಪ್ಲಾಸ್ಟಿಕ್ ಕ್ಯಾನಿನದು, ನಾನು ಇವತ್ತಿಗೂ ಕಣ್ಣಾರೆ ನೋಡದ ಕಡಲಿನದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಗುರುಗುಂಟಾದಿಂದ ಸಿಂಧನೂರಿಗೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಯಜಮಾನರು ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರು. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನ ವಿಜ್ಞಾನದ ಟೀಚರ್ ಇದ್ದರು. ಕಾರವಾರದ ಕಡೆಯವರು, ಒಬ್ಬರೇ ಇದ್ದರು. ನಾನು ಮೊದಲ ದಿನ "ಟೀಚರ್ ರೀ" ಎಂದು ಕರೆದಾಗ, "ನಮ್ಮ ಕಡೆ ಅಕ್ಕೋರು ಅಂತಾರೆ, ಹಾಗೇ ಕರೀರಿ" ಎಂದರು. ಅಲ್ಲಿಂದ ಓಣಿಗೆಲ್ಲ ಅವರು ಅಕ್ಕೋರೇ.

ಅಕ್ಕೋರ ಪಡಸಾಲೆಯಲ್ಲಿ ಒಂದು ಕಡಲಿತ್ತು. ಮಸ್ಕಿಯಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವ ಗಾಜಿನಂಗಡಿಯಲ್ಲಿ ಮಾಡಿಸಿದ ತೊಟ್ಟಿ ಅದು. ನೀರು ಮಾತ್ರ ಕಾರವಾರದ್ದು. ನಮ್ಮ ಮಿಲ್ಲಿನ ಅಕ್ಕಿ ಹೊತ್ತು ಆ ಕಡೆ ಹೋದ ಲಾರಿ, ತಿರುಗಿ ಬರುವಾಗ ಕ್ಯಾನುಗಳಲ್ಲಿ ಸಮುದ್ರದ ನೀರು ತರುತ್ತಿತ್ತು. ತೊಟ್ಟಿಯೊಳಗೆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಮೀನು. ನವಿಲಿನ ಕೊರಳಿನಂಥ ಒಂದು ನೀಲಿ ಮೀನು. ಸೇವಂತಿಗೆಯಂತೆ ಎಸಳಾಡಿಸುವ, ಆದರೆ ಹೂವಲ್ಲದ ಒಂದು ಪ್ರಾಣಿ. ಮತ್ತೆ ಮೂರು ಹವಳ.

ಹವಳವೆಂದರೆ ನಮಗೆ ಗೊತ್ತಿದ್ದದ್ದು ತಾಳಿಯ ಜೊತೆ ಪೋಣಿಸುವ ಕೆಂಪು ಮಣಿ. ಓಣಿಯ ಹೆಂಗಸರು ಬಂದು ಕೊರಳ ಮಣಿಯನ್ನು ಗಾಜಿಗೆ ಹಿಡಿದು, ಅದನ್ನೂ ಇದನ್ನೂ ಹೋಲಿಸಿ ನೋಡುತ್ತಿದ್ದರು.

"ಅಕ್ಕೋರ, ಖರೇ ಹೇಳ್ರಿ. ನಮ್ಮ ತಾಳ್ಯಾಗಿನ ಹವಳಕ್ಕೂ ಹಿಂಗ ಜೀವ ಇತ್ತೇನ್ರಿ?" ಕಿರಾಣಿ ಅಂಗಡಿಯಾಕೆ ಒಮ್ಮೆ ಕೇಳಿದಳು.

"ಇತ್ತು. ಇವುಗಳ ದೂರದ ನೆಂಟ ಅದು."

"ಅಯ್ಯ ಶಿವನ! ಜೀವ ಹೋಗಿದ್ದ ಚಲೋ ಆತು ಬಿಡ್ರಿ. ಇಲ್ಲಾಂದ್ರ ನಮ್ಮನಿ ಜಗಳ ಎಲ್ಲಾ ಕೇಳಿಸ್ಕೊಂತಿತ್ತು!"

ಕರೆಂಟು ಹೋದರೆ ನೀರಿಗೆ ಗಾಳಿ ಊದುವ ಯಂತ್ರ ನಿಂತುಬಿಡುತ್ತಿತ್ತು. ಆಗ ಅಕ್ಕೋರು ತೊಟ್ಟಿಯ ನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ ಮೇಲಿನಿಂದ ಸುರಿಯುತ್ತ ಕೂರುವರು. ಕೈ ಸೋತರೆ ಗೋಡೆ ಬಡಿಯುವರು. ನಾನು ಓಡಿ ಹೋಗಿ ಚೊಂಬು ಹಿಡಿಯುವೆನು. ಹಾಗೆ ಸುರಿಯುತ್ತಲೇ ಎಷ್ಟೆಲ್ಲ ಕೇಳಿದೆ… ಹವಳ ಒಂದು ಜೀವವಲ್ಲ, ಸಾವಿರ ಸಣ್ಣ ಜೀವಗಳು ಸೇರಿ ಕಟ್ಟಿಕೊಂಡ ಓಣಿಯಂತೆ. ಹೂವಿನಂಥ ಆ ಪ್ರಾಣಿಯ ಎಸಳು ಬೇರೆ ಮೀನನ್ನು ಚುಚ್ಚುತ್ತದೆ, ಕಿತ್ತಳೆ ಮೀನಿಗೆ ಮಾತ್ರ ಹಾಸಿಗೆಯಂತೆ. ಏನು ಕೇಳಿದರೂ ಅವರು ದಡ್ಡಿ ಎನ್ನುತ್ತಿರಲಿಲ್ಲ. "ಒಳ್ಳೇ ಪ್ರಶ್ನೆ" ಎಂದೇ ಶುರು ಮಾಡುವರು.

ಒಂದು ಬೇಸಿಗೆಯಲ್ಲಿ ಅವರಿಗೆ ಬೀದರದ ಕಡೆ ವರ್ಗವಾಯಿತು. ಮೂರೇ ದಿನದಲ್ಲಿ ಹೋಗಿ ಹಾಜರಾಗಬೇಕು. ಬಸ್ಸಿನಲ್ಲಿ ಟ್ರಂಕು ಹೋದೀತು, ಕಡಲು ಹೇಗೆ ಹೋದೀತು? ಕಾರವಾರದಲ್ಲಿ ಅವರ ಅಣ್ಣ ಕಾಲೇಜೊಂದರಲ್ಲಿ ಸಮುದ್ರದ ಮೀನುಗಳ ದೊಡ್ಡ ತೊಟ್ಟಿ ನೋಡಿಕೊಳ್ಳುತ್ತಿದ್ದರು. ಎಲ್ಲವನ್ನೂ ಅವರಿಗೆ ಕಳಿಸುವುದೆಂದಾಯಿತು. ಆದರೆ ನಮ್ಮ ಮಿಲ್ಲಿನ ಲಾರಿ ಆ ಕಡೆ ಹೋಗುವುದು ಇನ್ನು ಹತ್ತು ದಿನಕ್ಕೆ.

ಅಕ್ಕೋರು ಮನೆಯ ಕೀಲಿಕೈ ನನ್ನ ಕೈಗಿಟ್ಟರು. ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿನ ಮೇಲೆ, ಗಾಯಕ್ಕೆ ಅಂಟಿಸುವ ಪಟ್ಟಿಯೊಂದನ್ನು ಅಂಟಿಸಿದರು.

"ನೀರು ಇದಕ್ಕಿಂತ ಕೆಳಗಿಳಿದ್ರೆ ಸಿಹಿನೀರು ಹಾಕಿ ಸಾಕು. ಉಪ್ಪು ಬೇಡ."

"ಒಂದೀಟೂ ಬ್ಯಾಡೇನ್ರಿ?"

"ಬೇಡಮ್ಮ." ನೀಲಿ ಮೀನು ಅವರ ಬೆರಳು ಹೋದತ್ತ ಗಾಜಿನುದ್ದಕ್ಕೂ ಬರುತ್ತಿತ್ತು. "ಇದು ನಾಲ್ಕು ವರ್ಷದಿಂದ ನನ್ನ ಜೊತೆಗಿದೆ. ಜೋಪಾನ."

ನಮ್ಮ ಕಡೆಯ ಒಂದು ರೀತಿ ಹೇಳಬೇಕು. ಮನೆಗೆ ಬಂದವರನ್ನು ಊಟಕ್ಕೆ ಕರೆದರೆ ಮೊದಲ ಸಲ ಯಾರೂ ಹೂಂ ಅನ್ನುವುದಿಲ್ಲ. "ಬ್ಯಾಡ್ರಿ, ಈಗರ ಉಂಡೀವಿ" ಎನ್ನುತ್ತಾರೆ. ನಾವು ಆ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಬಡಿಸುತ್ತೇವೆ. ಅದರಲ್ಲೂ ಉಪ್ಪನ್ನು ನೆರೆಮನೆಯಿಂದ ಬಾಯಿಬಿಟ್ಟು ಕೇಳುವುದಂತೂ ದೂರದ ಮಾತು. ಅಕ್ಕೋರ "ಬೇಡ" ಕೂಡ ಅಂಥದ್ದೇ ಮರ್ಯಾದೆಯ ಬೇಡ ಎಂದು ನಾನು ತಿಳಿದೆ. ಆ ಬಿಸಿಲಿಗೆ ದಿನಕ್ಕೆ ಎರಡು ಬೆರಳು ನೀರು ಇಳಿಯುತ್ತಿತ್ತು. ನಾನು ಸಿಹಿನೀರು ಹಾಕಿದೆ. ಹಾಕಿದ ಮೇಲೆ ಮನಸ್ಸು ತಡೆಯಲಿಲ್ಲ. ಸಮುದ್ರದ ಮೀನು, ಸಪ್ಪೆ ನೀರಿನಲ್ಲಿ ಹೇಗಿದ್ದಾವು? ನಮ್ಮ ಕೈಯಲ್ಲಿದ್ದಷ್ಟು ದಿನ ನಮ್ಮ ಮನೆಯ ಉಪ್ಪು ತಿಂದು ಹೋಗಲಿ ಎಂದು ಉಪ್ಪಿನಕಾಯಿಗೆ ತಂದಿಟ್ಟಿದ್ದ ಹರಳುಪ್ಪನ್ನು ಒಂದು ಬೊಗಸೆ ಹಾಕಿದೆ. ದಿನಕ್ಕೊಂದು ಬೊಗಸೆ, ನಾಲ್ಕು ದಿನ.

ಐದನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಆ ಸೇವಂತಿಗೆ ಮುದುಡಿ ಮುಷ್ಟಿಯಾಗಿತ್ತು. ಹವಳಗಳ ಮೇಲೆ ಆಡುತ್ತಿದ್ದ ಸಣ್ಣ ಎಳೆಗಳೆಲ್ಲ ಒಳಗೆ ಹೋಗಿದ್ದವು. ನೀಲಿ ಮೀನು ಮಗ್ಗುಲಾಗಿ ಬಿದ್ದು ಬಾಯಿ ಬಿಡುತ್ತಿತ್ತು. ನಾನು ಮನೆಗೆ ಓಡಿದೆ.

ಪುಣ್ಯಕ್ಕೆ ತುರ್ವಿಹಾಳದಿಂದ ಮೊದಲ ಬಸ್ಸಿಗೆ ನಮ್ಮ ಮಾವ ಬಂದಿದ್ದರು. ಕಾಲುವೆ ಕೆಳಗಿನ ಅವರ ಹೊಲ ಸವಳಾಗಿ, ಭತ್ತ ಬೆಳೆಯುತ್ತಿದ್ದ ನೆಲದ ಮೇಲೆ ಬಿಳಿ ಉಪ್ಪು ಹೊಪ್ಪಳಿಕೆಯಾಗಿ ಎದ್ದು ಕೆಲವು ವರ್ಷವಾಗಿತ್ತು. ಅವರು ತೊಟ್ಟಿಯ ಅಂಚಿಗೆ ಕಟ್ಟಿದ್ದ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿದರು.

"ಏನವಾ ಇದು, ನಮ್ಮ ಹೊಲ ಆದಂಗ ಆಗೈತಲ್ಲ! ಸವಳು ಎದ್ದೈತಿ. ಉಪ್ಪು ಹಾಕೀಯೇನು?"

"ದಿನಾ ಒಂದ್ ಬೊಗಸಿ ಮಾವಾ… ಬಿಸಿಲಿಗೆ ನೀರು ಕಮ್ಮಿ ಆಗಾಕತ್ತಿತ್ರಿ."

"ಹುಚ್ಚವ್ವಾ! ಬಿಸಿಲಿಗೆ ಹೋಗೋದು ನೀರು. ಉಪ್ಪು ಎಲ್ಲಿ ಹೊಕ್ಕೈತಿ? ಅಲ್ಲೇ ಕುಂತಿರತೈತಿ. ಅಕ್ಕೋರು ಬರೋಬ್ಬರಿ ಹೇಳ್ಯಾರ. ನಾ ಸಾಲಿ ಕಲಿತಿಲ್ಲ ತಂಗಿ, ಹೊಲ ಕೆಡಿಸ್ಕೊಂಡು ಕಲ್ತೀನಿ."

ಸವಳಿಗೆ ಮದ್ದು ಸಿಹಿನೀರು ಕಟ್ಟುವುದು, ಬಸಿಯುವುದು. ಅದನ್ನೇ ಮಾಡಿದೆವು. ಒಂದು ಚೊಂಬು ಹೊರಗೆ, ಒಂದು ಚೊಂಬು ಸಿಹಿನೀರು ಒಳಗೆ. ನಾನು ಅವಸರ ಮಾಡಿದರೆ, "ಸಾವಕಾಶ, ಒಮ್ಮಿಗೇ ಹಾಕಿದ್ರ ಬೇರ ಕೊಳಿತೈತಿ" ಎಂದು ಮಾವ ಕೈ ಹಿಡಿಯುವರು. ಅವರ ಪಾಲಿಗೆ ಅದು ಗದ್ದೆಯೇ. ಸಂಜೆಯ ಹೊತ್ತಿಗೆ ಸೇವಂತಿಗೆ ಒಂದೆಸಳು ಬಿಚ್ಚಿತು. ಕಿತ್ತಳೆ ಮೀನುಗಳು ಅದರೊಳಗೆ ಹೊಕ್ಕವು. ನೀಲಿ ಮೀನು ಮಾತ್ರ ಉಳಿಯಲಿಲ್ಲ. ಹರಳುಪ್ಪು ನೇರ ಮೈಮೇಲೆ ಬಿದ್ದಿದ್ದ ಒಂದು ಹವಳವೂ ಎರಡು ದಿನದಲ್ಲಿ ಸುಣ್ಣದಂತೆ ಬೆಳ್ಳಗಾಯಿತು. ಅದನ್ನು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದೆ.

ಲಾರಿ ಹೇಳಿದ ದಿನಕ್ಕೇ ಬಂತು. ಉಳಿದವುಗಳನ್ನು ಬಾಯಿ ಕತ್ತರಿಸಿದ ಕ್ಯಾನುಗಳಲ್ಲಿಟ್ಟು, ದಾರಿಯುದ್ದಕ್ಕೂ ಗಾಳಿ ಊದಲು ಕ್ಲೀನರನ ಕೈಗೆ ಸೈಕಲ್ ಪಂಪು ಕೊಟ್ಟೆವು. "ಲಾರಿ ಟೈರಿಗೂ ಇಷ್ಟು ಗಾಳಿ ಹೊಡದಿಲ್ಲ ಮಗ" ಎಂದು ಡ್ರೈವರ್ ಅವನನ್ನು ಛೇಡಿಸಿದ.

ತಿಂಗಳಿಗೆ ಅಕ್ಕೋರ ಕಾಗದ ಬಂತು. ಎಲ್ಲ ಕ್ಷೇಮವಾಗಿ ಮುಟ್ಟಿದವಂತೆ, ಕಿತ್ತಳೆ ಮೀನುಗಳು ಹೊಸ ತೊಟ್ಟಿಯಲ್ಲೂ ಅದೇ ಹೂವಿಗೆ ಅಂಟಿಕೊಂಡಿವೆಯಂತೆ. ಕೊನೆಗೆ ಎರಡೇ ಸಾಲು: "ನೀಲಿ ಬರಲಿಲ್ಲವೆಂದು ಅಣ್ಣ ಬರೆದಿದ್ದಾನೆ. ನೀರಿನಲ್ಲಿ ಉಪ್ಪು ಸ್ವಲ್ಪ ಹೆಚ್ಚಿತ್ತಂತೆ, ನಿಮ್ಮೂರಿನ ಬಿಸಿಲಿಗೆ ಹಾಗಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ."

ನಾನು ಮರುಕಾಗದದಲ್ಲಿ, ಹೌದು, ಈ ಸಲ ಬಿಸಿಲು ಭಾಳ ಇತ್ತು ಎಂದು ಬರೆದೆ.

ಅವರಿಗೆ ಗೊತ್ತಾಗಿತ್ತೇ? ಬಿಸಿಲಿಗೆ ಎಷ್ಟು ಉಪ್ಪೇರುತ್ತದೆ, ಬೊಗಸೆಗೆ ಎಷ್ಟೇರುತ್ತದೆ ಎಂದು ತಿಳಿಯದವರೇ ಅವರು? ಗೊತ್ತಿದ್ದೇ ನನಗೆ ಆ ಬಿಸಿಲನ್ನು ನೆರಳಿನಂತೆ ಕೊಟ್ಟರೇ… ಎದುರಾದಾಗ ಕೇಳೋಣವೆಂದು ವರ್ಷಗಳನ್ನು ಕಳೆದೆ. ಎದುರಾಗಲೇ ಇಲ್ಲ. ಅವರು ತೀರಿಕೊಂಡ ಸುದ್ದಿಯನ್ನು ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಂತೆಯಲ್ಲಿ ಸಿಕ್ಕಾಗ ಹೇಳಿದಳು. ಮಾವನೂ ಈಗಿಲ್ಲ.

ಬಿಳಿ ಹವಳವನ್ನು ಮಾವ ಮಾಡಿದಂತೆಯೇ ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿದೆ. ಉಪ್ಪಿನ ಸುಳಿವೂ ಇಲ್ಲ, ಬರೀ ಸುಣ್ಣ. ಬಿಸಿಲಲ್ಲ ಅಕ್ಕೋರ, ನಾನು. ನಿಮಗ ಗೊತ್ತಿತ್ತೇನ್ರಿ? ನೀವಿದ್ದಿದ್ದರೆ "ಒಳ್ಳೇ ಪ್ರಶ್ನೆ" ಎಂದು ಶುರು ಮಾಡುತ್ತಿದ್ದಿರೇನೋ…